ಬಾರಿತೋಟದ ಚಾಚಾ ಕೊಂಡ ಕೂಸು

ಚಾಚಾ ಅವರ ಎರಡೂ ಮುಂಗೈಗಳ ಮೇಲೆ, ಮೊಣಕೈಯವರೆಗೆ, ಬಿಳಿ ಗೀರುಗಳಿದ್ದವು. ಹಳೆಯ ಗೀರಿನ ಮೇಲೆ ಹೊಸ ಗೀರು, ಅದರ ಮೇಲೆ ಇನ್ನೊಂದು. ಬಾರಿಗಿಡದ, ಅಂದರೆ ಎಲಚಿಯ, ಮುಳ್ಳು ಕೊಕ್ಕೆಯಂತೆ ಬಾಗಿರುತ್ತದೆ. ಕೈಯನ್ನು ಒಳಗೆ ಬಿಡುತ್ತದೆ, ಹೊರಗೆ ಬಿಡುವುದಿಲ್ಲ. ಸವಣೂರಿನ ಆ ತೋಟದಲ್ಲಿ ಹಣ್ಣನ್ನು ಹೋದವರೇ ಆರಿಸಿಕೊಳ್ಳಬೇಕು. ಆದರೆ ಮಕ್ಕಳು ಗಿಡಕ್ಕೆ ಕೈ ಚಾಚಿದರೆ ತೋಟದ ಚಾಚಾ ತಡೆಯುತ್ತಿದ್ದರು. ತಾವೇ ಕೈ ತೂರಿಸಿ ಟೊಂಗೆ ಅಲ್ಲಾಡಿಸಿ, ಕೆಳಗೆ ಹಾಸಿದ ಕೌದಿಯ ಮೇಲೆ ಹಣ್ಣು ಉದುರಿಸಿ ಹೇಳುತ್ತಿದ್ದರು: "ಮುಳ್ಳು ನಂದು, ಹಣ್ಣು ನಿಮ್ದು. ಆರಿಸ್ಕೊರ್ರಿ."

ಸಂಕ್ರಾಂತಿ ಹತ್ತಿರ ಬಂದಾಗ ಶಿಗ್ಗಾಂವದಿಂದ ಚಕ್ಕಡಿ ಕಟ್ಟಿಕೊಂಡು, ಸಜ್ಜೆರೊಟ್ಟಿ, ಎಣ್ಣೆಗಾಯಿ ಗಂಟು ಹಿಡಿದು ಮನೆಮಂದಿಯೆಲ್ಲ ಅಲ್ಲಿಗೆ ಹೋಗುತ್ತಿದ್ದೆವು. ಹಬ್ಬದ ದಿನ ಸಣ್ಣ ಮಕ್ಕಳ ತಲೆಯ ಮೇಲೆ ಬಾರಿಹಣ್ಣು ಎರೆದರೆ ದೃಷ್ಟಿ ತಗಲುವುದಿಲ್ಲವೆಂದು ನಮ್ಮ ಅತ್ತೆಯ ನಂಬಿಕೆ. ನನ್ನ ಮೊದಲ ಎರಡು ಕೂಸುಗಳಿಗೆ ಆ ಹಬ್ಬ ಬರಲೇ ಇಲ್ಲ. ಒಂದು ಎಂಟು ದಿನ ಇತ್ತು, ಇನ್ನೊಂದು ಮೂರು ತಿಂಗಳು. ಮೂರನೆಯದು ಹೆಣ್ಣು. ಐದು ತಿಂಗಳಿಗೆ ಅದಕ್ಕೂ ಜ್ವರ ಬಂದು ಇಳಿಯಿತು. ದೇವರ ಮುಂದೆ ಏನನ್ನೂ ಕೇಳುವ ಧೈರ್ಯವಾಗದೆ ನಾನು ದೀಪವನ್ನಷ್ಟೇ ಹಚ್ಚಿ ಬರುತ್ತಿದ್ದೆ.

ಮಕ್ಕಳು ಉಳಿಯದ ಮನೆಯವರು ಕೂಸನ್ನು ಮೊರದಲ್ಲಿಟ್ಟು, ಮಕ್ಕಳೆಲ್ಲ ಬದುಕಿ ಬಾಳುವ ಮನೆಯವರಿಗೆ ಒಂದು ಹಿಡಿ ತೌಡಿಗೆ ಮಾರುವ ಪದ್ಧತಿ ನಮ್ಮ ಕಡೆ ಇತ್ತು. ಬೇರೆಯವರದಾದ ಕೂಸನ್ನು ಸಾವು ಹುಡುಕಿಕೊಂಡು ಬರುವುದಿಲ್ಲವಂತೆ. ಚಾಚಾ ಅವರ ಏಳೂ ಮಕ್ಕಳು ಗಟ್ಟಿಮುಟ್ಟಾಗಿದ್ದರು. ಆ ವರ್ಷ ಅತ್ತೆ ಕೂಸಿದ್ದ ಮೊರವನ್ನು ಅವರ ಮುಂದೆ ಹಿಡಿದರು.

"ಒಂದ ಹಿಡಿ ತೌಡು ಕೊಟ್ಟು ಇದನ್ನ ಕೊಂಡ್ಕೊರ್ರಿ, ಅಣ್ಣಾರ."

"ತೋಟದಾಗ ತೌಡು ಎಲ್ಲಿಂದ ತರ್ಲಿ, ಅಕ್ಕಾರ? ಬಾರಿಹಣ್ಣು ನಡಿತಾವೇನು?"

ಅತ್ತೆ ಗಲಿಬಿಲಿಗೊಂಡರು. ತೌಡು ತರುವುದು ಅವರಿಗೂ ಹೊಳೆದಿರಲಿಲ್ಲ. ನಾನೇ ಬಾಯಿಬಿಟ್ಟೆ: "ನಡಿತಾವ್ರಿ."

ಚಾಚಾ ನಗಲಿಲ್ಲ. ಬಾವಿಗೆ ಹೋಗಿ ಕೈ ತೊಳೆದು ಬಂದರು. ತಮ್ಮ ದೇವರ ಹೆಸರು ಹೇಳಿ ನನ್ನ ಸೆರಗಿಗೆ ಎರಡು ಬೊಗಸೆ ಹಣ್ಣು ಸುರಿದು ಕೂಸನ್ನು ಎತ್ತಿಕೊಂಡರು. ಆಮೇಲೆ ಅದನ್ನು ಮತ್ತೆ ನನ್ನ ಕೈಗೆ ಕೊಟ್ಟರು.

"ಇನ್ನ ಇದು ನನ್ನ ಕೂಸು. ಸಾಕಾಕ ನಿಮ್ಮನ್ಯಾಗ ಬಿಟ್ಟೇನಿ. ನನ್ನ ಕೂಸಿನ ಮ್ಯಾಲ ಯಾರೂ ಕೈ ಎತ್ತಬಾರದು, ನೋಡವಾ."

ಕೂಸು ಉಳಿಯಿತು. ದೇವರ ದಯೆಯೆಂದೇ ನಾನು ಹೇಳುತ್ತೇನೆ. ಆ ದಯೆ ಗೀರು ಬಿದ್ದ ಕೈಯಿಂದ ಬಂತು. ಪ್ರತಿ ವರ್ಷ ಹೋದಾಗ ಚಾಚಾ ಮೊದಲು ಅವಳ ಬೆನ್ನು, ಕೆನ್ನೆ ನೋಡಿ, "ಹೊಡದಿಲ್ಲಲ್ಲ?" ಎಂದು ಕೇಳುತ್ತಿದ್ದರು. ಒಮ್ಮೆ ಅವಳು ಹೆಪ್ಪು ಹಾಕಿದ ಹಾಲಿನ ಗಡಿಗೆ ಒಡೆದಾಗ ನನ್ನ ಕೈ ಮೇಲೆದ್ದಿತ್ತು. ಅತ್ತೆ ಒಳಗಿನಿಂದಲೇ, "ಮಂದಿ ಕೂಸು ಅದು. ನಾಳೆ ಸವಣೂರಿಗೆ ಏನಂತ ಹೇಳ್ತಿ?" ಎಂದರು. ಕೈ ಇಳಿಯಿತು.

ಅವಳಿಗೆ ಒಂಬತ್ತು ತುಂಬಿದ ವರ್ಷ ಹೋದಾಗ ತೋಟದ ಬಾಗಿಲಲ್ಲಿ ಚಾಚಾ ಇರಲಿಲ್ಲ. ಅವರ ಹೆಂಡತಿ ಒಬ್ಬರೇ ಕುಳಿತಿದ್ದರು. ಚಾಚಾ ಶ್ರಾವಣದಲ್ಲೇ ತೀರಿಕೊಂಡರಂತೆ. ನಮಗೆ ಸುದ್ದಿ ಮುಟ್ಟಿರಲಿಲ್ಲ.

"ಹಾಸಿಗಿ ಹಿಡದಾಗೂ ಅದನ್ನ ಅಂದ್ರು," ಎಂದರು ಅವರು. "ಹಬ್ಬಕ್ಕ ನನ್ನ ಕೂಸು ಬರತೈತಿ, ಬಾವಿ ಕಡೆ ಗಿಡಾ ಅಕೀಗೆ ಬಿಡ್ರಿ ಅಂತ. ಹಂಗ ಬಿಟ್ಟೇವಿ, ಹೋಗ್ರಿ."

ಬಾವಿಯ ಪಕ್ಕದ ಗಿಡ ಹಣ್ಣಿನಿಂದ ಜಗ್ಗಿತ್ತು. ಉದುರಿಸಿಕೊಡುವವರು ಯಾರೂ ಇರಲಿಲ್ಲ. ಅವಳ ಬೆನ್ನಿಗೆ ಹುಟ್ಟಿದ ನನ್ನ ಸಣ್ಣ ಮಗ ಕೈ ಚಾಚಿದ. ಮಗಳು ಅವನನ್ನು ಹಿಂದೆ ಸರಿಸಿ, ಮೊಣಕೈವರೆಗೆ ತನ್ನ ಕೈ ತೂರಿಸಿ ಟೊಂಗೆ ಅಲ್ಲಾಡಿಸಿದಳು.

"ನೀ ಕೆಳಗ ಆರಿಸ್ಕೊ. ಮುಳ್ಳು ನಂದು," ಎಂದಳು.

ಹೊರಗೆ ತೆಗೆದ ಕೈ ಮೇಲೆ ಉದ್ದಕ್ಕೆ ಗೀರು ಎದ್ದು ರಕ್ತ ಜಿನುಗುತ್ತಿತ್ತು. ಸೆರಗಿನಿಂದ ಒರೆಸಿದೆ. ಬೈಯಲಿಲ್ಲ. ಅವಳು ನಮ್ಮ ಮನೆಯಲ್ಲಿ ಬೆಳೆಯುತ್ತಿದ್ದಳು, ಅಷ್ಟೇ.