ಕಾಲು ನಿಂದು, ಗೋಲು ನಂದು

ನನ್ನ ತಂಗಿಯ ಮಗ ಹುಟ್ಟಾ ಸ್ವಾರ್ಥಿ. ಆರೇಳು ದೇಶಗಳ ಫುಟ್‌ಬಾಲ್ ಕ್ಲಬ್ಬುಗಳಿಗೆ ಸ್ಟ್ರೈಕರ್ ಆಗಿ ಆಡಿದ. ಹೋದಲ್ಲೆಲ್ಲ ಅಲ್ಲಿನ ಭಾಷೆಯಲ್ಲಿ ಮೊದಲು ಕಲಿತದ್ದು ‘ಚೆಂಡು ನನಗೆ ಕೊಡು’ ಎಂಬ ವಾಕ್ಯ, ಕೊನೆಗೆ ಕಲಿತದ್ದೂ ಅಷ್ಟೇ. ಇನ್ನೊಬ್ಬ ಹೊಡೆದ ಚೆಂಡು ಇವನ ಬೆನ್ನಿಗೆ ತಾಗಿ ಒಳಗೆ ಹೋದರೂ ಎರಡೂ ಕೈ ಮೇಲೆತ್ತಿ ಮೈದಾನ ಸುತ್ತುತ್ತಿದ್ದ. “ಮಗಳು ಹುಟ್ಟಿದಾಗಲೂ ಹೀಗೇ ಆಸ್ಪತ್ರೆಯೆಲ್ಲ ಓಡಿದ್ರು ದೊಡ್ಡಮ್ಮಾ, ಹೆತ್ತವಳು ನಾನು!” ಎನ್ನುತ್ತಾಳೆ ಅವನ ಹೆಂಡತಿ. ಮಂಡಿ ಕೈಕೊಟ್ಟ ಮೇಲೆ ಕೋಚ್ ಆದ; ಬುದ್ಧಿ ಬದಲಾಗಲಿಲ್ಲ. ಶಿಷ್ಯರು ಯಾರೇ ಗೋಲು ಹೊಡೆಯಲಿ, “ಕಾಲು ನಿಂದು, ಗೋಲು ನಂದು!” ಎಂದು ಎದೆ ತಟ್ಟಿಕೊಳ್ಳುತ್ತಾನೆ. ಊಟದ ಮೇಜಿನ ಮೇಲೆ ನಮ್ಮೆಲ್ಲರ ಲೋಟಗಳನ್ನು ಆಟಗಾರರಂತೆ ನಿಲ್ಲಿಸಿ ತಂತ್ರ ವಿವರಿಸುತ್ತಾನೆ. ಅದು ಮುಗಿಯುವತನಕ ಯಾರೂ ನೀರು ಕುಡಿಯುವಂತಿಲ್ಲ. ಕಳೆದ ಭಾನುವಾರದ ಪಂದ್ಯ ಸೋತರೆ ಇವನನ್ನು ಮನೆಗೆ ಕಳಿಸುತ್ತೇವೆಂದು ಕ್ಲಬ್ಬಿನವರು ಮೊದಲೇ ಹೇಳಿದ್ದರು. ಒಂದು ಗೋಲು ಹಿಂದಿದ್ದಾಗ ಕೊನೆಯ ಗಳಿಗೆಯಲ್ಲಿ ಪೆನಾಲ್ಟಿ ಸಿಕ್ಕಿತು. “ಎತ್ತಬೇಡ್ವೋ! ನೆಲದ ಮೇಲೇ ಹೊಡಿಯೋ!” ಎಂದು ಇವನು ಗೆರೆಯಾಚೆಯಿಂದ ಅರಚಿದ್ದು, ತೀರಾ ಹಿಂದೆ ಕೂತಿದ್ದ ನನ್ನ ಮಂದ ಕಿವಿಗೂ ಕೇಳಿಸಿತು. ಆಟಗಾರ ಎತ್ತಿಯೇ ಹೊಡೆದ. ಚೆಂಡು ಕಂಬದ ಮೇಲಿಂದ ಹಾರಿ ಕಾರುಗಳ ನಡುವೆ ಬಿತ್ತು. ಪಂದ್ಯ ಮುಗಿದದ್ದೇ ಕ್ಲಬ್ಬಿನ ಅಧ್ಯಕ್ಷರು ಮೈದಾನಕ್ಕೆ ಇಳಿದು ಬಂದು, ತಲೆ ತಗ್ಗಿಸಿ ನಿಂತಿದ್ದ ಆ ಆಟಗಾರನ ಮುಂದೆ, “ಯಾರ್ರೀ ಮೇಲೆ ಹೊಡಿ ಅಂದಿದ್ದು?” ಎಂದು ಗುಡುಗಿದರು. ನನ್ನ ತಂಗಿಯ ಮಗ ಎಂದಿನಂತೆ ಎರಡೂ ಕೈ ಮೇಲೆತ್ತಿದ. “ನಾನೇ ಸಾರ್,” ಎಂದ, “ಅದೂ ನಂದೇ.”