ಉಸಿರು ತೆಗೆದುಕೊಂಡ ಉಪಗ್ರಹ

ನನಗೆ ಬರುವ ವಿದ್ಯೆ ಒಂದೇ, ಬೇರೆಯವರ ದನಿ ತೆಗೆಯುವುದು. ಕುಣಿಗಲ್ ಬಸ್ ಸ್ಟ್ಯಾಂಡಿನ ಮೈಕಿನವನು, ಸೀರೆ ಅಂಗಡಿಯ ಆಂಟಿ, ನನ್ನ ಹಳೇ ಲೆಕ್ಕದ ಮೇಷ್ಟ್ರು, ಎಲ್ಲರೂ ನನ್ನ ಗಂಟಲಲ್ಲಿ ಬಿಟ್ಟಿಯಾಗಿ ವಾಸವಾಗಿದ್ದಾರೆ. ನಿನ್ನ ಸ್ವಂತ ದನಿ ಯಾವುದಪ್ಪ ಅಂತ ಯಾರಾದರೂ ಕೇಳಿದರೆ ನಾನೇ ಸ್ವಲ್ಪ ಹುಡುಕಬೇಕಾಗುತ್ತದೆ. ಆ ವಾರ ಹೊಸದಾಗಿ ಸೇರಿಕೊಂಡಿದ್ದವಳು ಫೋನಿನೊಳಗೆ ಕೂತು ದಾರಿ ಹೇಳುವ ಹೆಂಗಸು.

ನನ್ನ ಭಾವ ಆಕೆಯ ಪರಮ ಭಕ್ತರು. ಅಕ್ಕ ಹೇಳಿದ್ದನ್ನು ನಾಲ್ಕನೇ ಸಲಕ್ಕೆ ಕೇಳಿಸಿಕೊಳ್ಳುವ ಮಹಾನುಭಾವ, ಫೋನು ‘ಎಡಕ್ಕೆ’ ಅಂದರೆ ಮೊದಲ ಸಲಕ್ಕೇ ಎಡಕ್ಕೆ. ಅವರ ಇನ್ನೊಂದು ನಂಬಿಕೆ ಕಾರಿನ ಗಡಿಯಾರ. ಎಲ್ಲಿಗೂ ತಡವಾಗಬಾರದೆಂದು ಅದನ್ನು ಹತ್ತು ನಿಮಿಷ ಮುಂದೆ ಇಟ್ಟು, ಇಟ್ಟಿದ್ದನ್ನೇ ಮರೆತುಬಿಡುತ್ತಾರೆ. ತನಗೆ ತಾನೇ ಸುಳ್ಳು ಹೇಳಿ ತಾನೇ ಮೋಸಹೋಗುವ ಇಂಥ ಏರ್ಪಾಡು ನಮ್ಮ ಕಡೆ ಮನೆಮನೆಯಲ್ಲೂ ಇದೆ. ನಮ್ಮ ಮನೆಯದು ಹದಿನೈದು ನಿಮಿಷ ಮುಂದಿದೆ. ನಾನು ಅದನ್ನು ನೋಡಿಕೊಂಡೇ ಎಲ್ಲ ಕಡೆ ತಡವಾಗಿ ಹೋಗುತ್ತೇನೆ.

ಆ ಶನಿವಾರ ಅಕ್ಕನ ಮಗಳಿಗೆ ಗುಬ್ಬಿಯ ಒಂದು ಶಾಲೆಯಲ್ಲಿ ವಿಜ್ಞಾನ ಭಾಷಣದ ಸ್ಪರ್ಧೆ ಇತ್ತು. ಏಳನೇ ಕ್ಲಾಸು. ವಿಷಯ: ಉಪಗ್ರಹಗಳು ನಮಗೆ ದಾರಿ ತೋರಿಸುವುದು ಹೇಗೆ. ಹತ್ತೂವರೆಗೆ ಹೆಸರು ಕರೆಯುತ್ತಾರೆ, ಆಗ ಇಲ್ಲದವರಿಗೆ ಅವಕಾಶವಿಲ್ಲ. ಹಿಂದಿನ ವರ್ಷ ಇದೇ ಸ್ಪರ್ಧೆಯಲ್ಲಿ ಅವಳು ಎರಡನೇ ವಾಕ್ಯಕ್ಕೇ ಮರೆತು, ಮೈಕಿನ ಮುಂದೆ ಸುಮ್ಮನೆ ನಿಂತು, ಅತ್ತು ಇಳಿದಿದ್ದಳು. ಈ ಸಲ ಒಂದು ತಿಂಗಳಿಂದ ಅಡುಗೆಮನೆಯ ಡಬ್ಬಗಳ ಮುಂದೆಲ್ಲ ಭಾಷಣ ಮಾಡಿದ್ದಳು.

ಭಾವ, ಅವಳು, ನಾನು ಮೂವರೂ ಕಾರಿನಲ್ಲಿ ಕುಣಿಗಲ್ ಬಿಟ್ಟ ಮೇಲೆ ಹಿಂದಿನ ಸೀಟಿನಲ್ಲಿ ಅವಳ ಭಾಷಣ ಶುರುವಾಯಿತು. “ನಾನು ತುಮಕೂರಿಂದ ಇಷ್ಟು ದೂರದಲ್ಲಿದೀನಿ ಅಂದ್ರೆ ನಾನು ಎಲ್ಲಿ ಬೇಕಾದ್ರೂ ಇರಬಹುದು, ತುಮಕೂರಿನ ಸುತ್ತ ಒಂದು ದೊಡ್ಡ ಬಳೆ. ಗುಬ್ಬಿಯಿಂದ ಎಷ್ಟು ಅಂತಾನೂ ಹೇಳಿದ್ರೆ ಇನ್ನೊಂದು ಬಳೆ. ಎರಡು ಬಳೆ ಎರಡೇ ಕಡೆ ದಾಟ್ತವೆ. ಕುಣಿಗಲಿಂದ ಎಷ್ಟು ಅಂತ ಹೇಳಿದ್ರೆ ಒಂದೇ ಜಾಗ ಉಳಿಯತ್ತೆ. ಆ ಮೂರು ಊರುಗಳೇ ಆಕಾಶದಲ್ಲಿರೋ ಉಪಗ್ರಹಗಳು ಅನ್ಕೊಳ್ಳಿ.”

“ಗುಬ್ಬಿನ ಆಕಾಶಕ್ಕೆ ಹತ್ತಿಸ್ಬಿಟ್ಯಲ್ಲೇ! ಇನ್ನು ಅಲ್ಲಿ ಹೆಲಿಕಾಪ್ಟರ್ ಕಾರ್ಖಾನೆ ಯಾಕಮ್ಮ?” ಅಂದೆ.

“ಮಾಮ, ನೀನು ಸುಮ್ನಿರು.”

ಸುಮ್ಮನಿರುವುದು ನನ್ನ ಜಾತಕದಲ್ಲಿ ಇಲ್ಲ. ಫೋನು ತೆಪ್ಪಗಿತ್ತು, ರಸ್ತೆ ನೆಟ್ಟಗಿತ್ತು, ಮುಂದೆ ಎಡಗಡೆ ಒಂದು ಮಣ್ಣುದಾರಿ ಕಂಡಿತು. ಕಿಟಕಿ ಕಡೆ ಮುಖ ಮಾಡಿ, ಮೂಗಿನಲ್ಲಿ ಸಕ್ಕರೆ ಕರಗಿಸಿಕೊಂಡು, “ನೂರು ಮೀಟರ್‌ನಲ್ಲಿ, ಎಡಕ್ಕೆ ತಿರುಗಿ” ಅಂದೆ. ಭಾವ ತಿರುಗಿಸಿಯೇ ಬಿಟ್ಟರು! ನಗು ತಡೆದುಕೊಂಡು “ಬಲಕ್ಕೆ ತಿರುಗಿ” ಅಂದೆ. ಬಲಕ್ಕೂ ತಿರುಗಿದರು. ಕೊನೆಗೆ ಕಾರು ನಿಂತದ್ದು ಯಾರದೋ ತೆಂಗಿನ ತೋಟದಲ್ಲಿ, ಗೊಬ್ಬರದ ಗುಡ್ಡೆಯ ಮುಂದೆ.

ಹೇಳಿಬಿಡೋಣ ಅಂತ ಬಾಯಿ ತೆರೆದೆ. ಭಾವನ ಮುಖ ನೋಡಿ ಮುಚ್ಚಿದೆ. ಅವರು ಫೋನನ್ನು ಕುಟ್ಟುತ್ತಿದ್ದರು. ಖಾಲಿ ಬೂದಿ ಬಣ್ಣದ ಪರದೆಯ ನಡುವೆ ಒಂದು ನೀಲಿ ಚುಕ್ಕೆ. “ಥೂ, ಸ್ಯಾಟಲೈಟೇ ಕೆಟ್ಟೋಗಿದೆ!”

“ಸ್ಯಾಟಲೈಟ್ ಸರಿಯಾಗಿದೆ ಅಪ್ಪ. ನಾವೆಲ್ಲಿದೀವಿ ಅಂತ ಚುಕ್ಕೆ ತೋರಿಸ್ತಿದೆ. ಮ್ಯಾಪಿನ ಚಿತ್ರ ಮಾತ್ರ ನೆಟ್‌ವರ್ಕಿಂದ ಬರಬೇಕು, ಅದಿಲ್ಲ.”

ಮರದ ಬುಡದಲ್ಲಿ ಕೂತಿದ್ದ ತೋಟದ ಯಜಮಾನ ಎದ್ದು ಬಂದ. “ಎಲ್ಲಿಗೆ ಸ್ವಾಮಿ?”

“ಗುಬ್ಬಿಗೆ.”

“ಈ ದಾರೀಲಿ ನನ್ ತೆಂಗಿನಮರ ಸಿಗ್ತವೆ, ಗುಬ್ಬಿ ಸಿಗಾಕಿಲ್ಲ. ಹಿಂದಕ್ಕೋಗಿ ಆ ಬೇಲಿ ಪಕ್ಕ ಬುಟ್ರೆ ಗುಬ್ಬಿ ರೋಡು.”

“ಎಷ್ಟು ದೂರ?”

“ಒಂದ್ ಬೀಡಿ.”

“ಕಿಲೋಮೀಟರಲ್ಲಿ ಹೇಳಯ್ಯ.”

“ಅದೆಲ್ಲ ನಂಗೊತ್ತಿಲ್ಲ. ಇಲ್ಲಿ ಹಚ್ಕೊಂಡು ನಡುದ್ರೆ ಅಲ್ಲಿ ಆರ್ತದೆ.”

ನಾನು ಅವನ ದನಿಯನ್ನು ಆಗಲೇ ಗಂಟಲಿಗೆ ಇಳಿಸಿಕೊಂಡು ನಗುತ್ತಿದ್ದೆ. ಹುಡುಗಿ ಮಾತ್ರ ಪೆನ್ನು ತೆಗೆದು ಬರೆದುಕೊಂಡಳು. “ಮಾಮ, ಉಪಗ್ರಹಾನೂ ಹಿಂಗೇನೇ! ದೂರ ಎಷ್ಟು ಅಂತ ಅದು ಹೇಳಲ್ಲ. ‘ನಾನು ಇಷ್ಟು ಹೊತ್ತಿಗೆ ಹೊರಟೆ’ ಅಂತ ಸುದ್ದಿ ಕಳಿಸತ್ತೆ, ಅಷ್ಟೆ. ಸುದ್ದಿ ಬಂದಿದ್ದು ಎಷ್ಟು ಹೊತ್ತಿಗೆ ಅಂತ ಫೋನು ನೋಡ್ಕೊಂಡು, ನಡುವಿನ ಹೊತ್ತಲ್ಲಿ ದೂರ ಅಳೆಯತ್ತೆ.” ಇಪ್ಪತ್ತು ಸಾವಿರ ಕಿಲೋಮೀಟರ್ ಮೇಲೆ ಸುತ್ತುವ ಯಂತ್ರಕ್ಕೂ ಬೀಡಿಗೂ ಸಂಬಂಧ ಕಲ್ಪಿಸಿದ್ದು ನಮ್ಮ ವಂಶದಲ್ಲಿ ಅವಳೇ ಮೊದಲು.

ಬೇಲಿ ದಾಟಿ ಟಾರ್ ರಸ್ತೆಗೆ ಬರುವುದಕ್ಕೂ ಗುಬ್ಬಿಯ ಕಡೆಯಿಂದ ಒಂದು ಪ್ರೈವೇಟ್ ಬಸ್ಸು ಬಂದು ನಿಲ್ಲುವುದಕ್ಕೂ ಸರಿಹೋಯಿತು. ಭಾವ ಕಿಟಕಿಯಿಂದಲೇ ಕೂಗಿದರು, “ಗುಬ್ಬಿ ಎಷ್ಟೊತ್ತಿಗೆ ಬಿಟ್ರಿ?”

“ಒಂಬತ್ತೂವರೆ ಸಾರ್,” ಅಂದ ಕಂಡಕ್ಟರ್.

ಭಾವ ಕಾರಿನ ಗಡಿಯಾರ ನೋಡಿದರು. ಹತ್ತೂ ಹತ್ತು. “ನಲ್ವತ್ತು ನಿಮಿಷದ ದಾರಿ. ಹತ್ತೂ ಐವತ್ತಕ್ಕೆ ಸೇರ್ತೀವಿ. ಮುಗೀತು. ಮುಂದಿನ ವರ್ಷ ನೋಡಣ ಬುಡು ಮಗ.” ಕಾರನ್ನು ಕುಣಿಗಲ್ ಕಡೆಗೆ ತಿರುಗಿಸತೊಡಗಿದರು.

ಅವಳ ತುಟಿ ಹಿಂದಿನ ವರ್ಷದ ಹಾಗೆಯೇ ಅದುರಿತು. ಇಷ್ಟು ದನಿಗಳನ್ನು ಸಾಕಿದ್ದ ನನ್ನ ಗಂಟಲಿಂದ ಆಗ ಒಂದೂ ಹೊರಡಲಿಲ್ಲ. ಎಂಥ ಘನ ಕಲಾವಿದ!

“ಅಪ್ಪಾ, ಗಡಿಯಾರ!” ಅಂತ ಅವಳು ಚೀರಿದಳು. “ಬಸ್ಸು ಹೊರಟಿದ್ದು ಸರಿಯಾದ ಟೈಮಲ್ಲಿ. ಬಂದಿದ್ದನ್ನ ನಿನ್ನ ಸುಳ್ಳು ಟೈಮಲ್ಲಿ ಅಳೀತಿದೀಯ. ಹತ್ತು ನಿಮಿಷ ಮುಂದಿದೆ! ಈಗ ಹತ್ತು ಗಂಟೆ ಅಷ್ಟೆ, ದಾರೀನೂ ಅರ್ಧ ಗಂಟೇದು!”

ಕಂಡಕ್ಟರ್ ತನ್ನ ವಾಚು ತೋರಿಸಿದ. “ಹತ್ತೇ ಸಾರ್. ನಿಮ್ದ್ಯಾವ್ ದೇಶದ್ ಟೈಮು?”

ಭಾವ ಸ್ಟಿಯರಿಂಗ್ ಗುಬ್ಬಿಯ ಕಡೆಗೆ ಎಳೆದರು. ದಾರಿಯಲ್ಲಿ ಅವಳು ಉಳಿದದ್ದನ್ನೂ ಹೇಳಿದಳು. ಉಪಗ್ರಹದೊಳಗಿನ ಗಡಿಯಾರ ಬಲು ನಿಖರ, ಫೋನಿನದು ಅಗ್ಗದ್ದು. ಸೆಕೆಂಡಿನ ಸಾವಿರದಲ್ಲೊಂದು ಪಾಲು ತಪ್ಪಿದರೂ ಮುನ್ನೂರು ಕಿಲೋಮೀಟರ್ ಎಡವಟ್ಟು, ಯಾಕೆಂದರೆ ಸುದ್ದಿ ಬೆಳಕಿನ ವೇಗದಲ್ಲಿ ಬರುತ್ತದೆ. ಅದಕ್ಕೇ ಮೂರು ಉಪಗ್ರಹ ಸಾಲದು. ನಾಲ್ಕನೆಯದು ಸೇರಿದಾಗ ಲೆಕ್ಕ ತಾಳೆಯಾಗದೆ ಫೋನಿನ ಗಡಿಯಾರದ ಸುಳ್ಳು ಸಿಕ್ಕಿಬೀಳುತ್ತದೆ. ಹಾಗಾದರೆ ಭಾವನ ಹತ್ತು ನಿಮಿಷಕ್ಕೆ ಎಷ್ಟು ದೂರ ಅಂತ ಕೇಳಿದೆ. “ಸೂರ್ಯನಿಂದ ಬೆಳಕು ಬರೋಕೇ ಎಂಟು ನಿಮಿಷ ಸಾಕು,” ಅಂದಳು. ಅಂದರೆ ಗುಬ್ಬಿಗೆ ಹೊರಟ ನಮ್ಮ ಭಾವ ಸೂರ್ಯನನ್ನೂ ದಾಟಿ ಹೋಗಿರುತ್ತಿದ್ದರು.

ನಾವು ಒಳಗೆ ಓಡಿದಾಗ ಹೆಸರು ಕರೆಯುತ್ತಿದ್ದರು. ಅವಳು ಏದುಸಿರು ಬಿಡುತ್ತಲೇ ವೇದಿಕೆ ಹತ್ತಿದಳು. ಎರಡನೇ ವಾಕ್ಯದ ಹತ್ತಿರ ನಿಂತಳು. ಆಮೇಲೆ ಕಾಗದ ಮಡಚಿ, ತೋಟದ ಯಜಮಾನನ ಬೀಡಿಯಿಂದ ಮತ್ತೆ ಶುರು ಮಾಡಿದಳು. ಬಸ್ಸು ಬಂತು, ಅಪ್ಪನ ಗಡಿಯಾರ ಬಂತು, ಸಭೆ ನಗತೊಡಗಿತು. ಭಾವನೂ ನಕ್ಕರು, ಆ ಅಪ್ಪ ಬೇರೆ ಯಾರೋ ಎಂಬಂತೆ.

“ಒಂದು ಉಪಗ್ರಹ ತಪ್ಪು ಹೇಳಿದ್ರೆ ಅದರ ಮಾತು ಬೇರೆಯವುಗಳ ಜೊತೆ ಹೊಂದಲ್ಲ. ಆಗ ಫೋನು ಅದನ್ನ ಕೈಬಿಡತ್ತೆ,” ಅಂದಳು. “ನಮ್ಮ ಕಾರಲ್ಲೂ ಅಂಥದ್ದೊಂದು ಕೂತಿತ್ತು.” ಮೂಗಿನಲ್ಲಿ ಸಕ್ಕರೆ ಕರಗಿಸಿಕೊಂಡು, “ನೂರು ಮೀಟರ್‌ನಲ್ಲಿ,” ಅಂದಳು. ಜೋರಾಗಿ ಉಸಿರೆಳೆದುಕೊಂಡಳು. “ಎಡಕ್ಕೆ ತಿರುಗಿ.” ಆಮೇಲೆ ತನ್ನ ದನಿಯಲ್ಲಿ, “ಫೋನು ಮಧ್ಯದಲ್ಲಿ ಉಸಿರು ತಗೊಳಲ್ಲ. ನಮ್ಮ ಮಾಮ ತಗೋತಾನೆ.”

ಇಡೀ ಸಭೆ ನನ್ನ ಕಡೆ ತಿರುಗಿತು. ಭಾವ ಎಲ್ಲರಿಗಿಂತ ನಿಧಾನವಾಗಿ ತಿರುಗಿದರು.

ಅವಳಿಗೆ ಎರಡನೇ ಬಹುಮಾನ ಬಂತು. ವಾಪಸು ಬರುವಾಗ ಗುಬ್ಬಿ ದಾಟಿದ ಮೇಲೆ ಫೋನು “ಬಲಕ್ಕೆ ತಿರುಗಿ” ಅಂದಿತು. ಭಾವ ಬ್ರೇಕ್ ಹಾಕಿ ನನ್ನ ಬಾಯಿಯನ್ನೇ ನೋಡಿದರು.

“ಏನ್ಲಾ, ನೀನಾ ಅದಾ?”

“ಅದೇ, ಭಾವ,” ಅಂದೆ, ನನ್ನದೇ ದನಿಯಲ್ಲಿ.

“ಬಾಯ್ಮೇಲೆ ಕೈ ಇಟ್ಕೋ,” ಅಂದರು. ಕುಣಿಗಲ್ ಬರುವವರೆಗೂ ನನ್ನ ಕೈ ಅಲ್ಲೇ ಇತ್ತು.