ಹನ್ನೆರಡನೇ ಕುರ್ಚಿ

ಇಂಥ ಸಂಗತಿಗಳನ್ನು ಹೇಳುವವರನ್ನು ಕಂಡರೆ ನನಗೆ ಮೊದಲಿಂದಲೂ ತಾಳ್ಮೆ ಕಡಿಮೆ. ಚರ್ಚಿಗೆ ತಪ್ಪದೆ ಹೋಗುವವಳಾದರೂ ನನ್ನದು ಪಟ್ಟಿ ಮಾಡುವ ಭಕ್ತಿ: ಈ ಭಾನುವಾರ ವಾಚನ ಯಾರದು, ಪೀಠಕ್ಕೆ ಹೂವು ಯಾರದು, ಕಾಣಿಕೆ ತರುವ ಸಾಲಿನಲ್ಲಿ ಯಾರು ಮುಂದೆ. ಎಲ್ಲೋ ಮಾತೆಯ ಪ್ರತಿಮೆ ಕಣ್ಣೀರಿಟ್ಟಿತು ಎಂದು ಯಾರಾದರೂ ಹೇಳಿದರೆ, ಅದಕ್ಕೆ ಇತ್ತೀಚೆಗೆ ಬಣ್ಣ ಹೊಡೆಸಿದ್ದರೇ ಎಂದು ಕೇಳುತ್ತಿದ್ದೆ. ಆದ್ದರಿಂದ ನೀವು ಇದನ್ನು ನಂಬದಿದ್ದರೆ ನನಗೇನೂ ಬೇಸರವಿಲ್ಲ. ನಾನೇ ಇದನ್ನು ಈಗ ನಾಲ್ಕನೇ ಸಲ ಬರೆಯುತ್ತಿದ್ದೇನೆ. ಪ್ರತಿ ಸಲವೂ ನೆನಪು ತನಗೆ ಅನುಕೂಲವಾದ ಒಂದು ಸಾಕ್ಷಿಯನ್ನು ಎಲ್ಲಿಂದಲೋ ಕರೆತಂದು ಕೂರಿಸುತ್ತದೆ. ಅದನ್ನು ಎಬ್ಬಿಸಿ ಕಳಿಸುವುದರಲ್ಲೇ ಹಿಂದಿನ ಮೂರು ಸಲ ಸೋತೆ.

ಕೆಂಗೇರಿಗೂ ಉಲ್ಲಾಳಕ್ಕೂ ನಡುವೆ ಇರುವ ನಮ್ಮ ಧರ್ಮಕೇಂದ್ರದಲ್ಲಿ ಆಗ ಪೂಜಾವಿಧಿ ಸಮಿತಿಯ ಹೊಣೆ ನನ್ನದು. ಪವಿತ್ರ ಗುರುವಾರದ ಸಂಜೆ, ಯೇಸು ತನ್ನ ಶಿಷ್ಯರ ಕಾಲು ತೊಳೆದ ನೆನಪಿಗೆ, ಗುರುಗಳು ಪೀಠದ ಮುಂದೆ ಹನ್ನೆರಡು ಮಂದಿಯನ್ನು ಕೂರಿಸಿ ಅವರ ಕಾಲು ತೊಳೆದು, ಒರೆಸಿ, ಮುತ್ತಿಡುತ್ತಾರೆ. ಆ ಹನ್ನೆರಡು ಮಂದಿಯನ್ನು ಆರಿಸುವುದು ನಾನು. ಪ್ರತಿ ವರ್ಷ ಅದೇ ಮುಖಗಳು, ಸಮಿತಿಯವರು, ಅವರ ಬೀಗರು. ಆ ವರ್ಷ ಫಾದರ್ ಹೊಸಬರು. ವಯಸ್ಸಾದವರು, ಮೊಣಕಾಲು ನೋವು ಬೇರೆ. ಆದರೂ, "ಈ ಸಲ ಬೇರೆಯವರನ್ನ ಹುಡುಕಿ. ನರ್ಸ್, ಆಟೋದವರು, ಮನೆಕೆಲಸದವರು, ಯಾರಾದ್ರೂ ಸರಿ" ಎಂದರು. ನಾನು ಹುಡುಕಿದೆ. ಹಾಗೆ ಪಟ್ಟಿಗೆ ಬಂದವನು ಮರಿಯಪ್ಪ.

ರಾಯಚೂರಿನ ಕಡೆಯವನು. ಉಲ್ಲಾಳದ ಒಂದು ಅಪಾರ್ಟ್‌ಮೆಂಟಿನಲ್ಲಿ ವಾಚ್‌ಮನ್. ಹೆಂಡತಿ ಸಿಸಿಲಮ್ಮ ಅಲ್ಲೇ ಎರಡು ಮನೆಗಳಲ್ಲಿ ಕೆಲಸ ಮಾಡುತ್ತಿದ್ದಳು. ಭಾನುವಾರ ಕೊನೆಯ ಬೆಂಚಿನ ತುದಿಯಲ್ಲಿ ಕೂತು, ಪೂಜೆ ಮುಗಿಯುತ್ತಲೇ ಡ್ಯೂಟಿಗೆ ಓಡುತ್ತಿದ್ದ. ವಿಷಯ ಹೇಳಿದಾಗ ಅವನು ನಗಲಿಲ್ಲ, ಅಳಲೂ ಇಲ್ಲ. (ಅತ್ತ ಎಂದು ಒಂದು ಸಲ ಬರೆದಿದ್ದೆ.) "ನಮ್ಮ ಕಾಲೇನ್ರಿ ಅಕ್ಕಾರ? ಫಾದರ್ ಹಿಡಿತಾರೇನ್ರಿ?" ಎಂದು ಎರಡು ಸಲ ಕೇಳಿದ, ಅಷ್ಟೇ. ಹೊಸ ಬಿಳಿ ಪಂಚೆ ತಂದನೆಂದು ಸಿಸಿಲಮ್ಮ ಆಮೇಲೆ ಹೇಳಿದಳು.

ಆ ಗುರುವಾರಕ್ಕೆ ನಾಲ್ಕು ದಿನ ಮುಂಚೆ, ಚರ್ಚಿನಲ್ಲಿ ಗರಿ ಹಂಚುವ ಗರಿಗಳ ಭಾನುವಾರ, ಅವನು ಕುಂಟುತ್ತಾ ಬಂದ. ಬಲಗಾಲಿಗೆ ದಪ್ಪ ಬ್ಯಾಂಡೇಜ್, ಅಂಚಿನಲ್ಲಿ ಹಳದಿ ಕಲೆ. ಶುಗರಿನ ಗಾಯ, ಮಾಯುತ್ತಿಲ್ಲ ಎಂದ. ನನ್ನ ತಲೆಯಲ್ಲಿ ಏನೇನು ಓಡಿತು ಎನ್ನುವುದನ್ನು ಮಾತ್ರ ನೆನಪು ತಿದ್ದಿಲ್ಲ ಎಂದುಕೊಳ್ಳುತ್ತೇನೆ, ಏಕೆಂದರೆ ತಿದ್ದಿದ್ದರೆ ಇನ್ನಷ್ಟು ಒಳ್ಳೆಯದಾಗಿರುತ್ತಿತ್ತು. ಕ್ಯಾಮೆರಾ ಇರುತ್ತದೆ, ಪೂಜೆ ಲೈವ್ ಹೋಗುತ್ತದೆ, ಫಾದರ್ ಆ ಕಾಲಿಗೆ ಮುತ್ತಿಡಬೇಕು. ವಾಸನೆಯೂ ಇತ್ತು.

"ಈ ವರ್ಷ ಬೇಡ ಮರಿಯಪ್ಪ. ಮುಂದಿನ ವರ್ಷ ಖಂಡಿತ" ಎಂದೆ.

"ಎಡಗಾಲ್ ಛಲೋ ಅದರೀ ಅಕ್ಕಾರ. ಒಂದ ಕಾಲ್ ತೊಳಿಯೋದಲ್ರಿ? ಎಡಗಾಲ್ ಇಡ್ತೀನ್ರಿ."

ಎಲ್ಲರೂ ಬಲಗಾಲು ಇಡುತ್ತಾರೆ. ಹನ್ನೊಂದು ಬಲಗಾಲುಗಳ ಸಾಲಿನಲ್ಲಿ ಒಂದು ಎಡಗಾಲು. ನಂಬಿ, ಆ ಹೊತ್ತಿಗೆ ಅದು ನನಗೆ ನಿಜವಾದ ತೊಂದರೆಯಾಗಿ ಕಂಡಿತು. ಅವನು ಇನ್ನೊಮ್ಮೆ ಬಾಯಿ ತೆರೆಯುವ ಮೊದಲು, "ನಾನಲ್ಲ ಕಣಪ್ಪ, ಫಾದರೇ ಬೇಡ ಅಂದ್ರು" ಎಂದುಬಿಟ್ಟೆ.

ಫಾದರಿಗೆ ಅವನ ಗಾಯದ ವಿಷಯವೇ ಗೊತ್ತಿರಲಿಲ್ಲ. ಮರಿಯಪ್ಪ ತಲೆಯಾಡಿಸಿ, ಕೈಯಲ್ಲಿದ್ದ ಗರಿಯನ್ನು ಮಡಿಸುತ್ತಾ ಗೇಟಿನ ಕಡೆ ಹೋದ. ಅವನ ಜಾಗಕ್ಕೆ ಬ್ಯಾಂಕಿನ ಅಧಿಕಾರಿಯೊಬ್ಬರನ್ನು ಹಾಕಿಕೊಂಡೆ.

ಗುರುವಾರ ಸಂಜೆ ಆ ಅಧಿಕಾರಿ ಬರಲಿಲ್ಲ. ಮರುದಿನ ರಜೆ, ಊರಿಗೆ ಊರೇ ಮೈಸೂರಿನ ಕಡೆ ಹೊರಟಿತ್ತು. ನನ್ನ ಜೊತೆ ಸಮಿತಿಯಲ್ಲಿದ್ದ ಸ್ಟೆಲ್ಲಾ ಫೋನ್ ಮಾಡಿ ಬಂದು, "ನಿನ್ನ ಬ್ಯಾಂಕಿನ ಸಾಹೇಬರ ಕಾಲು ಇನ್ನೂ ಕ್ಲಚ್ ಮೇಲಿದೆ ಕಣೇ, ನಾಯಂಡಹಳ್ಳಿನೇ ದಾಟಿಲ್ವಂತೆ" ಎಂದಳು. ಕಂಬದ ಪಕ್ಕದ ಕೊನೆಯ ಕುರ್ಚಿ ಖಾಲಿಯೇ ಉಳಿಯಿತು. ಇನ್ನು ಯಾರನ್ನೂ ಕರೆಯುವ ಹೊತ್ತಲ್ಲ, ಹನ್ನೊಂದು ಮಂದಿಗೇ ಮುಗಿಸೋಣ ಎಂದುಕೊಂಡೆವು.

ಶುಭಸಂದೇಶ, ಪ್ರಬೋಧನೆ ಮುಗಿದವು. ಫಾದರ್ ಮೇಲಂಗಿ ತೆಗೆದು, ಸೊಂಟಕ್ಕೆ ಬಟ್ಟೆ ಕಟ್ಟಿ, ಬೋಗುಣಿಗೆ ಬಿದ್ದೀತೆಂದು ಕನ್ನಡಕ ತೆಗೆದಿಟ್ಟು ಮಂಡಿಯೂರಿದರು. ಜಗ್ ನನ್ನ ಕೈಯಲ್ಲಿ, ಟವೆಲ್‌ಗಳು ಸ್ಟೆಲ್ಲಾಳ ಕೈಯಲ್ಲಿ. ನೀರು ಹಾಕುವವರಿಗೆ ಮುಖಗಳು ಕಾಣುವುದಿಲ್ಲ. ಬಗ್ಗಿರುತ್ತೀರಿ, ಕಾಲು ಮಾತ್ರ ಕಾಣುತ್ತದೆ. ಬೆಳ್ಳಿಯ ಕಾಲುಂಗುರದ ನರ್ಸಿನ ಕಾಲು, ಪೆಡಲ್ ಒತ್ತಿ ಒತ್ತಿ ಒಂದು ಕಡೆ ಜಡ್ಡುಗಟ್ಟಿದ ಆಟೋದವರ ಕಾಲು. ಗಾನವೃಂದ ಹಾಡುತ್ತಿತ್ತು. ಫಾದರ್ ಏಳುವಾಗೆಲ್ಲ ಅವರ ಮೊಣಕಾಲು ಲಟಕ್ಕೆನ್ನುತ್ತಿತ್ತು.

ಹನ್ನೊಂದು ಮಂದಿಯದಾಯಿತು. ಫಾದರ್ ಎದ್ದು, ಒಂದು ಹೆಜ್ಜೆ ಸರಿದು, ಮತ್ತೆ ಮಂಡಿಯೂರಿದರು. ಓ, ಅಧಿಕಾರಿ ಬಂದರು ಎಂದುಕೊಂಡು ಜಗ್ ಬಗ್ಗಿಸಿದೆ. ಬೋಗುಣಿಯ ಮೇಲೆ ಒಂದು ಎಡಗಾಲು ಇತ್ತು. ಹಿಮ್ಮಡಿ ಒಡೆದಿತ್ತು, ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಅದರ ಪಕ್ಕ, ಕೆಂಪು ಜಮಖಾನೆಯ ಮೇಲೆ, ಬಿಳಿ ಬ್ಯಾಂಡೇಜ್ ಸುತ್ತಿದ ಇನ್ನೊಂದು ಕಾಲು. ಬ್ಯಾಂಡೇಜಿನ ಮೇಲೆ ಇಳಿದ ಪಂಚೆಯ ಅಂಚು.

ಆಗ ನನಗೆ ಹೆದರಿಕೆಯಾಗಲಿಲ್ಲ. ಸಿಟ್ಟು ಬಂತು. ಬೇಡವೆಂದರೂ ಬಂದು ಕೂತಿದ್ದಾನಲ್ಲ ಎಂದು ಸಿಟ್ಟು. ಅದರ ಹಿಂದೆಯೇ ನಾಚಿಕೆ: ಈಗ ಫಾದರ್ ಏನಾದರೂ ಅಂದರೆ, ಇವನು ಏನಾದರೂ ಕೇಳಿದರೆ, ನನ್ನ ಸುಳ್ಳು ಇಲ್ಲೇ ಎಲ್ಲರೆದುರು ಬಯಲಾಗುತ್ತದೆ. ತಲೆ ಎತ್ತಿದರೆ ಅವನ ಕಣ್ಣು ಎದುರಾಗುತ್ತದೆ ಎಂದು ನಾನು ತಲೆ ಎತ್ತಲಿಲ್ಲ. ನೀರು ಹಾಕಿದೆ. ಹಾಗೇ ತಿರುಗಿ ಪೂಜಾವಸ್ತ್ರಗಳ ಕೋಣೆಗೆ ಬಂದುಬಿಟ್ಟೆ.

ಸ್ಟೆಲ್ಲಾ ಆಗಲೇ ಒಳಗಿದ್ದಳು, ಒದ್ದೆ ಟವೆಲ್‌ಗಳನ್ನು ಬುಟ್ಟಿಗೆ ಹಾಕುತ್ತಾ. "ಕೊನೇ ಕುರ್ಚಿ ಖಾಲಿ ನೋಡಿ ನಾನು ಬಂದ್ಬಿಟ್ಟೆ. ನೀನೇನೇ ಮಾಡ್ತಿದ್ದೆ ಅಲ್ಲಿ ಇಷ್ಟೊತ್ತು?" ಹನ್ನೆರಡನೇ ಟವೆಲ್ ಮೇಜಿನ ಮೇಲೆ ಇಸ್ತ್ರಿ ಮಡಿಕೆಯಲ್ಲೇ ಇತ್ತು. ಎರಡನೇ ಸಲ ಬರೆದಾಗ ಅದು ಒದ್ದೆಯಾಗಿತ್ತು ಎಂದು ಬರೆದಿದ್ದೆ. ಕಥೆಗೆ ಅದು ಚೆನ್ನಾಗಿತ್ತು. ಆದರೆ ಟವೆಲ್ ಒದ್ದೆಯಾಗಿರಲಿಲ್ಲ. ಫಾದರ್ ಆ ಕಾಲನ್ನು ಒರೆಸಿದ್ದು ಯಾವುದರಿಂದ, ಒರೆಸಿದರೇ, ನನಗೆ ಗೊತ್ತಿಲ್ಲ.

ಪೂಜೆಯ ನಂತರ ಫಾದರನ್ನು ಕೇಳಿದೆ, "ಫಾದರ್, ಕೊನೇಲಿ ಯಾರಿದ್ರು?"

ಅವರು ಮೊಣಕಾಲಿಗೆ ಮುಲಾಮು ತಿಕ್ಕಿಕೊಳ್ಳುತ್ತಿದ್ದರು. "ಯಾರು ಅಂತ ನಾನು ನೋಡಲ್ಲಮ್ಮ. ಕನ್ನಡಕಾನೂ ಇರಲಿಲ್ಲ."

"ಯಾರಾದ್ರೂ ಇದ್ರಾ ಅಂತ..."

"ಇಲ್ದಿದ್ರೆ ನೀವ್ಯಾಕೆ ನೀರು ಹಾಕ್ತಿದ್ರಿ?"

ಶನಿವಾರ ಬೆಳಿಗ್ಗೆ ಉಲ್ಲಾಳಕ್ಕೆ ಹೋದೆ. ಮರಿಯಪ್ಪ ಗೇಟಿನ ಬಳಿ ಕುರ್ಚಿಯಲ್ಲಿ ಕೂತು ಬಲಗಾಲನ್ನು ಒಂದು ಬಕೆಟ್ಟಿನ ಮೇಲೆ ಚಾಚಿದ್ದ. ನನ್ನನ್ನು ಕಂಡು ಏಳಲು ಹೋದ. ಗುರುವಾರ ಸಂಜೆ ಎಲ್ಲಿದ್ದೆ ಎಂದು ಕೇಳಿದೆ.

"ಎಲ್ಲಿರ್ಲಿರಿ? ದವಾಖಾನಿಗೆ ಹೋಗಿದ್ವಿರಿ, ಪಟ್ಟಿ ಬದಲ್ ಮಾಡ್ಸಾಕ. ಬರೋದ್ರಾಗ ಕತ್ತಲಾತು."

"ಚರ್ಚಿಗೆ ಬರಲಿಲ್ವಾ?"

"ಹೆಂಗ ಬರ್ಲಿರಿ ಅಕ್ಕಾರ? ಫಾದರ್ ಬ್ಯಾಡಂದಾರಲ್ರಿ." ಆಮೇಲೆ, ನನ್ನನ್ನೇ ಸಮಾಧಾನ ಮಾಡುವವನ ಹಾಗೆ, "ಸಿಟ್ಟೇನಿಲ್ರಿ. ಖರೇನೂ ಅದರಿ, ನಾರ್ತದ ಇದು" ಎಂದ.

ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇನ್ನೊಂದು ಇರಲಿಲ್ಲ. ಒಂದೇ ವಾಕ್ಯ ಸಾಕಿತ್ತು. ಅಷ್ಟರಲ್ಲಿ ಕಾರೊಂದು ಹಾರನ್ ಮಾಡಿತು, ಅವನು ಕುಂಟುತ್ತಾ ಗೇಟು ತೆಗೆಯಲು ಹೋದ. ನಾನು ಅವನ ಎಡಗಾಲನ್ನು ನೋಡಿದೆ. ಹೆಬ್ಬೆರಳಿನ ಉಗುರು ಕಪ್ಪಾಗಿತ್ತು. ಇದನ್ನು ಸಾಕ್ಷಿ ಎಂದು ತೆಗೆದುಕೊಳ್ಳಬೇಡಿ. ಗರಿಗಳ ಭಾನುವಾರವೂ ಅವನು ಚಪ್ಪಲಿಯಲ್ಲೇ ಬಂದಿದ್ದ. ಆಗಲೇ ನನ್ನ ಕಣ್ಣಿಗೆ ಬಿದ್ದಿರಬಹುದು. ಅಥವಾ ಶನಿವಾರ ಕಂಡ ಉಗುರನ್ನು ನೆನಪು ಗುರುವಾರಕ್ಕೆ ಸಾಗಿಸಿರಬಹುದು.

ಪಾಸ್ಖ ಹಬ್ಬ, ಅಂದರೆ ಈಸ್ಟರ್, ಕಳೆದ ಮೇಲೆ ಪಾಪನಿವೇದನೆಯಲ್ಲಿ ಫಾದರಿಗೆ ಹೇಳಿದೆ. ಕಾಲಿನ ವಿಷಯವಲ್ಲ, ಸುಳ್ಳಿನ ವಿಷಯ. "ದೇವರು ಕ್ಷಮಿಸ್ತಾರೆ, ನಾನೂ ಕ್ಷಮಿಸಿದೆ. ಆದ್ರೆ ಅವರಿಗೆ ನೀವೇ ಹೋಗಿ ಹೇಳ್ಬೇಕು" ಎಂದರು. ನಾನು ಹೋಗುವಷ್ಟರಲ್ಲಿ ಗೇಟಿನಲ್ಲಿ ಬೇರೆ ವಾಚ್‌ಮನ್ ಇದ್ದ. ಕಾಲಿನ ಗಾಯ ಜಾಸ್ತಿಯಾಗಿ ಗಂಡ ಹೆಂಡತಿ ಊರಿಗೆ ಹೋದರಂತೆ. ಸಿಸಿಲಮ್ಮನ ನಂಬರ್ ನನ್ನ ಬಳಿ ಇತ್ತು. ಫೋನಿನಲ್ಲಿ ಹೇಳುವ ಮಾತಲ್ಲ, ಒಮ್ಮೆ ಹೋಗಿಬಂದರಾಯಿತು ಎಂದುಕೊಂಡೆ. ಹಾಗೆ ಅಂದುಕೊಳ್ಳುತ್ತಲೇ ಮಳೆಗಾಲ ಕಳೆಯಿತು.

ಕೊನೆಗೆ ಫೋನ್ ಮಾಡಿದವಳು ಅವಳೇ. "ಹ್ವಾದ್ರೀ ಅಕ್ಕಾರ" ಎಂದಳು. ಕಾಲನ್ನು ಮೊಣಕಾಲಿನವರೆಗೆ ತೆಗೆದಿದ್ದರಂತೆ, ಆದರೂ ವಿಷ ಏರಿತಂತೆ. ಕೊನೆಯ ದಿನಗಳಲ್ಲಿ ಅಲ್ಲಿನ ಫಾದರನ್ನು ಕರೆಸಿ, ರೋಗಿಗಳಿಗೆ ಪವಿತ್ರ ತೈಲ ಹಚ್ಚಿ ಪ್ರಾರ್ಥಿಸುವ ಅಭ್ಯಂಗ ಕೊಡಿಸುತ್ತೇನೆಂದು ಅವಳು ಎಷ್ಟು ಹೇಳಿದರೂ ಅವನು ಒಪ್ಪಲಿಲ್ಲವಂತೆ. "ಬ್ಯಾಡಬ್ಯಾಡ ಅಂದ್ರಿ. ಕಾಲ್ ನೋಡಿ ಅವ್ರೂ ಒಲ್ಲೆ ಅಂದ್ರ ಏನ್ ಮಾಡ್ಲಿ ಅಂದ್ರಿ." ಅವಳಿಗೂ ನಾನು ಆಗ ಏನೂ ಹೇಳಲಿಲ್ಲ. ಒಂದು ವಾರ ಬಿಟ್ಟು ಹೇಳಿದೆ. ಅವಳು ಫೋನ್ ಇಟ್ಟಳು. ಮತ್ತೆ ಎಂದೂ ಮಾಡಲಿಲ್ಲ.

ಸಮಿತಿ ಬಿಟ್ಟಿದ್ದೇನೆ. ಆ ಸಂಜೆಯ ವಿಡಿಯೊ ಚರ್ಚಿನ ಚಾನೆಲ್ಲಿನಲ್ಲಿ ಇನ್ನೂ ಇದೆ. ಹನ್ನೊಂದು ಬಲಗಾಲುಗಳು ಸ್ಪಷ್ಟವಾಗಿ ಕಾಣುತ್ತವೆ. ಹನ್ನೆರಡನೆಯದಕ್ಕೆ ಬರುವಾಗ ಫಾದರ್ ಕಂಬದ ಮರೆಗೆ ಹೋಗುತ್ತಾರೆ. ಕುರ್ಚಿ ಕಂಬಕ್ಕೆ ಮರೆಯಾಗಿಲ್ಲ. ಅದಕ್ಕೆ ಅಡ್ಡವಾಗಿರುವುದು ಒಬ್ಬ ಹೆಂಗಸಿನ ಬೆನ್ನು, ನನ್ನದೇ. ಉಳಿದವರ ಮುಂದೆ ನಿಂತಷ್ಟೇ ಹೊತ್ತು ಅವಳು ಅಲ್ಲಿಯೂ ಬಗ್ಗಿ ನಿಂತು ನೀರು ಹಾಕುತ್ತಾಳೆ. ಸ್ವಲ್ಪ ಪಕ್ಕಕ್ಕೆ ಸರಿದಿದ್ದರೆ ನಿಮಗೂ ನನಗೂ ಗೊತ್ತಾಗುತ್ತಿತ್ತು. ಎಷ್ಟು ಸಲ ನೋಡಿದ್ದೇನೋ ತಿಳಿಯದು. ಪ್ರತಿ ಸಲವೂ, ಈ ಸಲವಾದರೂ ಅವಳು ತಲೆ ಎತ್ತಿ ನೋಡುತ್ತಾಳೇನೋ ಎಂದು ಕಾಯುತ್ತೇನೆ.